ಅಜ್ಜನ ದಸ್ತಾವೇಜನ್ನು ಓದುವವರಿಲ್ಲ

ಕಳೆದ ತಿಂಗಳು ಜಾಗದ ಪೋಕುವರವಿಗೆಂದು, ಅಂದರೆ ಖಾತೆ ಬದಲಾವಣೆಗೆಂದು, ಅಜ್ಜನ ಕಾಲದ ದಸ್ತಾವೇಜನ್ನು ಹಿಡಿದುಕೊಂಡು ಕಾಸರಗೋಡಿನ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. 1938ರಲ್ಲಿ ನೋಂದಣಿಯಾದ ಆ ಕಾಗದ ಕನ್ನಡದಲ್ಲಿದೆ, ಏಕೆಂದರೆ ಆಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮೇಜಿನ ಆಚೆಗಿದ್ದವರು ಅದನ್ನು ಎರಡು ಸಲ ತಿರುವಿ ನೋಡಿ, ಇದನ್ನು ಓದುವವರು ಇಲ್ಲಿ ಯಾರೂ ಇಲ್ಲ, ಮಲಯಾಳಕ್ಕೆ ತರ್ಜುಮೆ ಮಾಡಿಸಿ ತನ್ನಿ ಎಂದರು. ಬ್ರಿಟಿಷರ ಕಾಲದಲ್ಲಿ ಮೊಹರು ಬಿದ್ದ ಕಾಗದ ಸ್ವತಂತ್ರ ಭಾರತದಲ್ಲಿ, ಅದೇ ಮಣ್ಣಿನಲ್ಲಿ, ಓದಲಾಗದ ವಸ್ತುವಾಗಿದೆ.

ನಾನು ಅಲ್ಲಿಯೇ ಕುಳಿತು ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಟ್ಟೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳಲ್ಲಿ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿಯೇ ಕೊಡಬೇಕು ಎಂದು ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಹದಿನೆಂಟು ದಿನಗಳ ಮೇಲೆ ಉತ್ತರ ಬಂತು, ಇಡೀ ಎರಡು ಪುಟ ಮಲಯಾಳದಲ್ಲಿ. ಕನ್ನಡದಲ್ಲಿದ್ದದ್ದು ಲಕೋಟೆಯ ಮೇಲೆ ನಾನೇ ಬರೆದುಕೊಟ್ಟಿದ್ದ ನನ್ನ ವಿಳಾಸ ಮಾತ್ರ.

ಮಲಯಾಳದ ಮೇಲೆ ನನಗೇನೂ ಸಿಟ್ಟಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡಿಕೊಂಡೇ ಬೆಳೆದವರು ನಾವು. ಮೀನು ಮಾರುವವರಿಗೂ ನಮಗೂ ಭಾಷೆಯ ಜಗಳ ಎಂದೂ ಆಗಿಲ್ಲ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು, 1967ರಲ್ಲಿ ರಾಜ್ಯಗಳ ಗಡಿ ವಿವಾದ ಪರಿಶೀಲಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಅದಕ್ಕಾಗಿ ಬದುಕಿಡೀ ಕೂಗಿದರು, ವರದಿ ಮಾತ್ರ ಕಪಾಟಿನಲ್ಲಿಯೇ ಉಳಿಯಿತು. ಆ ಗಡಿಯ ಮಾತನ್ನು ನಾನೀಗ ಎತ್ತುವುದಿಲ್ಲ. ಬರೆದಿಟ್ಟ ಹಕ್ಕನ್ನಾದರೂ ಕೊಡಿ ಎನ್ನುತ್ತಿದ್ದೇನೆ, ಅಷ್ಟೇ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮೇಲಿನ ತರಗತಿಗೆ ಹೋದ ಮಕ್ಕಳ ಪಾಡನ್ನು ನಮ್ಮ ಮನೆಯಲ್ಲಿಯೇ ನೋಡುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುವ ನನ್ನ ಮಗಳಿಗೆ ಗಣಿತ ಹೇಳಿಕೊಡಲು ಬಂದವರಿಗೆ ಕನ್ನಡದ ಅಕ್ಷರವೇ ಗೊತ್ತಿಲ್ಲ. ಅವರು ಮಲಯಾಳದಲ್ಲಿ ವಿವರಿಸುತ್ತಾರೆ, ಮಲಯಾಳ ಚೆನ್ನಾಗಿ ಬರುವ ಒಬ್ಬ ಹುಡುಗ ಎದ್ದುನಿಂತು ಅದನ್ನು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಾನೆ. ಆ ಹುಡುಗನಿಗೆ ಜ್ವರ ಬಂದ ದಿನ ತರಗತಿಗೆ ಗಣಿತವೇ ಇಲ್ಲ. ಪಾಪ, ಆ ಅಧ್ಯಾಪಕರದೂ ತಪ್ಪಲ್ಲ. ಕನ್ನಡ ಬಾರದವರನ್ನು ಕನ್ನಡದ ಹುದ್ದೆಗೆ ಕಳುಹಿಸಿದವರನ್ನು ಕೇಳಬೇಕು. ಹೀಗೆ ಎರಡು ವರ್ಷ ನಡೆದರೆ ಹೆತ್ತವರು ತಾವಾಗಿಯೇ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ, ಆಮೇಲೆ ಕನ್ನಡ ಕಲಿಯುವವರೇ ಇಲ್ಲವೆಂದು ಲೆಕ್ಕ ತೋರಿಸುವುದು ಸುಲಭ.

ಕೊನೆಗೆ ದುಡ್ಡು ಕೊಟ್ಟು ದಸ್ತಾವೇಜಿನ ತರ್ಜುಮೆ ಮಾಡಿಸಿದೆ. ಅಜ್ಜನ ಕಾಗದದಲ್ಲಿ ಮೂಡು ದಿಕ್ಕಿನ ಗಡಿಗೆ 'ಮೂಡು' ಎಂದಷ್ಟೇ ಬರೆದಿತ್ತು. ತರ್ಜುಮೆ ಮಾಡಿದವರು ಅದನ್ನು ಯಾವುದೋ ಊರಿನ ಹೆಸರೆಂದುಕೊಂಡು ಹಾಗೆಯೇ ಮಲಯಾಳ ಲಿಪಿಗಿಳಿಸಿದ್ದಾರೆ. ಜಾಗಕ್ಕೆ ಮೂರೇ ಗಡಿ ಕಾಣುತ್ತಿವೆ, ತಿದ್ದಿಸಿಕೊಂಡು ಬನ್ನಿ ಎಂದು ನಿನ್ನೆ ಕಚೇರಿಯಿಂದ ಮತ್ತೊಂದು ಕಾಗದ ಬಂದಿದೆ. ಅದೂ ಮಲಯಾಳದಲ್ಲಿಯೇ.