ಎತ್ತಂಗಡಿಯ ಭಯವಿಲ್ಲದ ಸಾಹೇಬ

ಬಿಬಿಸಿಯ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’ ಶುರುವಾದದ್ದು 1980ರಲ್ಲಿ. ಮಂತ್ರಿ ಜಿಮ್ ಹ್ಯಾಕರ್ ಏನೋ ಒಳ್ಳೆಯದು ಮಾಡಲು ಹೊರಡುತ್ತಾನೆ. ಕಾರ್ಯದರ್ಶಿ ಸರ್ ಹಂಫ್ರಿ ಉಸಿರು ಬಿಡದೆ ಮಾರುದ್ದದ ಒಂದು ವಾಕ್ಯ ಹೇಳುತ್ತಾನೆ. ಅಲ್ಲಿಗೆ ಆ ಒಳ್ಳೆಯ ಕೆಲಸ ಕಡತದೊಳಗೆ ಮಲಗಿತು. ಆಗಿನ ಬ್ರಿಟಿಷ್ ಪ್ರಧಾನಿ ಥ್ಯಾಚರ್‌ಗೂ ಇದು ಅಚ್ಚುಮೆಚ್ಚಿನ ಕಾರ್ಯಕ್ರಮವಾಗಿತ್ತು.

2001ರಲ್ಲಿ ಅದೇ ಹಿಂದಿಯಲ್ಲಿ ‘ಜೀ ಮಂತ್ರೀಜಿ’ ಆಗಿ ಸ್ಟಾರ್ ಪ್ಲಸ್‌ಗೆ ಬಂತು. ಫಾರೂಕ್ ಶೇಖ್ ಮಂತ್ರಿ, ಜಯಂತ್ ಕೃಪಲಾನಿ ಕಾರ್ಯದರ್ಶಿ. ನಟನೆಯಲ್ಲಿ ಕೊರತೆಯಿಲ್ಲ. ನಮ್ಮ ಐಎಎಸ್ ಕೂಡ ಬ್ರಿಟಿಷರ ಐಸಿಎಸ್ ಮನೆತನದ್ದೇ ತಾನೇ? ಕಥೆ ಸಲೀಸಾಗಿ ಕೂರಬೇಕಿತ್ತು. ನನಗೇಕೋ ಕೂರಲಿಲ್ಲ.

ಹಂಫ್ರಿಯ ಠೀವಿ ಬರುವುದೇ ಒಂದು ಧೈರ್ಯದಿಂದ. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ, ಅವನು ಅಲ್ಲೇ ಇರುತ್ತಾನೆ. ನಮ್ಮಲ್ಲಿ ಮಂತ್ರಿಗೆ ಸಿಟ್ಟು ಬಂದರೆ ಸಂಜೆಯೊಳಗೆ ಎತ್ತಂಗಡಿ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ ತಮ್ಮ ಸೇವೆಯಲ್ಲಿ 50ಕ್ಕೂ ಜಾಸ್ತಿ ವರ್ಗಾವಣೆ ಕಂಡರು. ಹಂಫ್ರಿಗೆ ಅಂಥ ಒಂದೇ ಒಂದು ಆದೇಶ ಬಂದಿದ್ದರೆ ಸಾಕಿತ್ತು, ಆ ಮಾರುದ್ದದ ವಾಕ್ಯ ‘ಆಯ್ತು ಸಾರ್’ಗೆ ಇಳಿಯುತ್ತಿತ್ತು.

ಮೂಲದಲ್ಲಿ ಒಂದು ಆಸ್ಪತ್ರೆಯ ಕಂತಿದೆ. 500 ಸಿಬ್ಬಂದಿ, ಒಬ್ಬ ರೋಗಿಯೂ ಇಲ್ಲ. ಆದರೆ ಆಡಳಿತ ಬಹಳ ಸುಸೂತ್ರ! ಇದನ್ನು ಹಾಗೇ ನಮ್ಮ ತಾಲ್ಲೂಕು ಆಸ್ಪತ್ರೆಗೆ ತಂದರೆ ಯಾರು ನಗುತ್ತಾರೆ? ಇಲ್ಲಿ ರೋಗಿಗಳ ಸಾಲು ಗೇಟಿನವರೆಗೆ, ಡಾಕ್ಟರ ಕುರ್ಚಿ ಖಾಲಿ. ತಮಾಷೆಯನ್ನೇ ತಿರುಗಾಮುರುಗಾ ಮಾಡಬೇಕು.

ಬಿಬಿಸಿಯದೇ ಇನ್ನೊಂದು ರಾಜಕೀಯ ಧಾರಾವಾಹಿ ‘ಹೌಸ್ ಆಫ್ ಕಾರ್ಡ್ಸ್’ ಅನ್ನು ತಮ್ಮ ನೆಲಕ್ಕೆ ತಂದ ಅಮೆರಿಕನ್ನರಿಗೆ ಇದು ತಿಳಿದಿತ್ತು. 1990ರ ಬ್ರಿಟಿಷ್ ಮೂಲದ ನಾಯಕ, ರಾಜಕಾರಣಿ ಅರ್ಕಾರ್ಟ್ ದೊಡ್ಡ ಮನೆತನದ ಗತ್ತಿನವನು. ನಯವಾಗಿ ನಗುತ್ತಲೇ ಕತ್ತು ಕೊಯ್ಯುತ್ತಾನೆ. 2013ರ ಅಮೆರಿಕನ್ ರೂಪದ ನಾಯಕ ಅಂಡರ್‌ವುಡ್ ದಕ್ಷಿಣ ಕೆರೊಲಿನಾದ ಬಡ ರೈತನ ಮಗ. ಅವನದು ಹಸಿದವನ ದುರಾಸೆ. ಇಬ್ಬರೂ ಕ್ಯಾಮೆರಾದತ್ತ ತಿರುಗಿ ನಮ್ಮ ಜೊತೆ ಮಾತಾಡುತ್ತಾರೆ, ಆದರೆ ಆಸಾಮಿಗಳೇ ಬೇರೆ. ನನ್ನ ತಕರಾರು ಉದ್ದದ ಬಗ್ಗೆ ಮಾತ್ರ. ಬಿಬಿಸಿ 4 ಕಂತಿನಲ್ಲಿ ಮುಗಿಸಿದ್ದನ್ನು ಇವರು 73 ಕಂತು ಎಳೆದರು. ನಮ್ಮ ಸಂಜೆ ಧಾರಾವಾಹಿಗಳ ಗಾಳಿ ಅಲ್ಲಿಗೂ ಬೀಸಿತೋ ಏನೋ.

ಯಾರಾದರೂ ಹಂಫ್ರಿಯನ್ನು ವಿಧಾನಸೌಧಕ್ಕೆ ಕರೆತರುವುದಾದರೆ ಮಂತ್ರಿ, ಕಾರ್ಯದರ್ಶಿ ಇಬ್ಬರೇ ಸಾಲುವುದಿಲ್ಲ. ಶಿಫಾರಸು ಪತ್ರ ಕೇಳಲು ಬಂದ ಕ್ಷೇತ್ರದ ಜನ ಬೇಕು, ಮಂತ್ರಿಯ ಪಿಎ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತಟ್ಟದೆ ಒಳಬರುವ ಮಂತ್ರಿಯ ಭಾವಮೈದ ಬೇಕು. ಅವನ ಮುಂದೆ ಹಂಫ್ರಿಯ ಇಂಗ್ಲಿಷು ನಡೆಯುವುದಿಲ್ಲ.