ನಮ್ಮಲ್ಲಿ ಸೊಳ್ಳೆಯೇ ಇಲ್ಲ

ದಸರಾ ರಜೆಗೆ ಕೊಡಗಿಗೆ ಹೊರಡುವವರ ಚೀಲದಲ್ಲಿ ಸ್ವೆಟರು, ಛತ್ರಿ, ದಾರಿಗೆಂದು ಒಂದಿಷ್ಟು ಚಕ್ಕುಲಿ ಇರುವುದು ವಾಡಿಕೆ. ನಮ್ಮ ಚೀಲವನ್ನು ಯಾರಾದರೂ ತೆರೆದು ನೋಡಿದರೆ, ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಸಂಸಾರ ಸಮೇತ ಊರೂರು ಸುತ್ತುತ್ತಿದ್ದಾನೆಂದೇ ತಿಳಿಯಬೇಕು. ಇದಕ್ಕೆಲ್ಲ ಕಾರಣ ನನ್ನ ಆರು ವರ್ಷದ ಮಗಳು. ಬೇರೆ ಮಕ್ಕಳಿಗೆ ಸೊಳ್ಳೆ ಕಚ್ಚಿದರೆ ಸಾಸಿವೆ ಕಾಳಿನಷ್ಟು ಊದಿಕೊಳ್ಳುವ ಜಾಗ ಇವಳಿಗೆ ಕೊಡಗಿನ ಅಕ್ಕಿಯುಂಡೆ ಕಡಂಬುಟ್ಟಿನಷ್ಟಾಗುತ್ತದೆ. ಮೊನ್ನೆಯಷ್ಟೇ ನಾಪೋಕ್ಲು ಬಳಿಯ ದೊಡ್ಡಪ್ಪನ ತೋಟದಿಂದ ಮೈಸೂರಿಗೆ ಹಿಂತಿರುಗಿದ್ದೇವೆ. ಅವಳ ಎಡಗಣ್ಣಿನ ಊತ ಇನ್ನೂ ಪೂರ್ತಿ ಇಳಿದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ಮಕ್ಕಳ ವೈದ್ಯರು ಹೇಳುವ ಪ್ರಕಾರ ತಕರಾರು ಇರುವುದು ಕಡಿತದಲ್ಲಲ್ಲ, ಜೊಲ್ಲಿನಲ್ಲಿ. ಹೀರುವ ರಕ್ತ ಹೆಪ್ಪುಗಟ್ಟದಿರಲೆಂದು ಹೆಣ್ಣು ಸೊಳ್ಳೆ (ಗಂಡು ಸೊಳ್ಳೆ, ಪಾಪ, ಹೂವಿನ ಮಕರಂದ ಕುಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ) ಚರ್ಮದೊಳಗೆ ಬಿಡುವ ಜೊಲ್ಲಿನ ಪ್ರೋಟೀನುಗಳನ್ನು ಕೆಲವು ಮಕ್ಕಳ ದೇಹ ಆಜನ್ಮ ವೈರಿಯೆಂದು ಬಗೆದು, ಹಿಸ್ಟಮಿನ್ ಸುರಿಸಿ ಆ ಜಾಗವನ್ನು ಕೆಂಪಗೆ, ಬಿಸಿಯಾಗಿ, ಗಟ್ಟಿಯಾಗಿ ಊದಿಸಿಬಿಡುತ್ತದೆ. ಆದ್ದರಿಂದ ಸೆಟ್ರಿಜಿನ್ ಸಿರಪ್ಪು, ಕ್ಯಾಲಮೈನ್ ಲೋಷನ್ನು, ವೈದ್ಯರೇ ಬರೆದುಕೊಟ್ಟ ಒಂದು ಮುಲಾಮು, ತೋಳು ಕಾಲು ಮುಚ್ಚುವ ಹತ್ತಿಬಟ್ಟೆ, ಜೊತೆಗೆ ಸೊಳ್ಳೆ ಓಡಿಸುವ ಕ್ರೀಮು, ಇಷ್ಟೂ ಚೀಲ ಸೇರಿದ್ದವು. ಆ ಕ್ರೀಮನ್ನು ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಮಗುವಿಗೆ ಸವರಬೇಕೇ ಹೊರತು ಮಗುವಿನ ಅಂಗೈಗೆ ಮಾತ್ರ ತಾಗಿಸಬಾರದು, ಏಕೆಂದರೆ ಆ ಕೈ ಮರುಕ್ಷಣವೇ ಕಣ್ಣಿಗೋ ಬಾಯಿಗೋ ಹೋಗುತ್ತದೆ. ತುಟಿ ಅಥವಾ ನಾಲಿಗೆ ಊದಿದರೆ, ಉಸಿರಾಟದಲ್ಲಿ ಸುಯ್ಯೆಂಬ ಸದ್ದು ಬಂದರೆ, ಚೀಲ ತಡಕುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕೆಂದು ಅವರು ಎರಡೆರಡು ಸಲ ಹೇಳಿದ್ದರು. ನಾಪೋಕ್ಲಿನಿಂದ ಮಡಿಕೇರಿಗೆ ಸುಮಾರು 20 ಕಿಲೋಮೀಟರ್ ತಿರುವಿನ ರಸ್ತೆ ಎಂಬುದು ಪ್ರವಾಸಿಗರಿಗೆ ಸೊಬಗಿನ ವಿಷಯವಾಗಿರಬಹುದು, ನನಗೆ ಅದು ರಾತ್ರಿಯ ಲೆಕ್ಕಾಚಾರ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು, ಹೊರಡುವ ಮುನ್ನ ಒಂದು ಮಾತು ಕೇಳಿಬಿಡೋಣವೆಂದು ದೊಡ್ಡಪ್ಪನಿಗೆ ಫೋನು ಮಾಡಿದೆ.

“ಸೊಳ್ಳೆಯಾ? ನಮ್ಮಲ್ಲಾ? ನಮ್ಮಲ್ಲಿ ಸೊಳ್ಳೆಯೇ ಇಲ್ಲ ಮಗಳೇ,” ಎಂದರು. ಆ ಕಡೆಯಿಂದ ಫಟ್ಟೆಂದು ಏನೋ ಬಡಿದ ಸದ್ದು ಕೇಳಿಸಿತು. “ಏನದು ದೊಡ್ಡಪ್ಪಾ?” ಎಂದರೆ, “ಏನಿಲ್ಲ, ಬಾಗಿಲು” ಎಂದರು.

ಆ ಬಾಗಿಲು ಎಂಥದೆಂದು ನನಗೆ ತಿಳಿದದ್ದು ಮೊದಲ ಸಂಜೆ ಜಗುಲಿಯಲ್ಲಿ. ಕಾಫಿಯ ಲೋಟ ಹಿಡಿದು ಆರಾಮ ಕುರ್ಚಿಯಲ್ಲಿ ಒರಗಿದ ದೊಡ್ಡಪ್ಪ, ಕೊಡಗಿನ ಹವೆಯ ಶ್ರೇಷ್ಠತೆಯನ್ನು ನನ್ನ ಗಂಡನಿಗೆ ಬಿಡಿಸಿ ಹೇಳತೊಡಗಿದರು. “ನೋಡಿ ಅಳಿಯಂದಿರೇ, ಸೊಳ್ಳೆ ಎನ್ನುವುದು ಚರಂಡಿಯ ಪ್ರಾಣಿ,” (ಫಟ್, ಎಡ ಮೊಣಕೈ) “ನಿಮ್ಮ ಮೈಸೂರಿನಂಥ ಪೇಟೆಗಳಲ್ಲಿ ಅದಕ್ಕೆ ವಾಸಯೋಗ್ಯ,” (ಫಟ್, ಬಲಗಾಲ ಮೀನಖಂಡ) “ಇಲ್ಲಿಯ ಗಾಳಿಗೆ ಅದು ಒಂದು ಗಳಿಗೆಯೂ ನಿಲ್ಲುವುದಿಲ್ಲ,” (ಫಟ್, ಕತ್ತು). ಕೈಗೂ ಬಾಯಿಗೂ ಪರಸ್ಪರ ಪರಿಚಯವೇ ಇಲ್ಲವೆಂಬಂತೆ ಎರಡೂ ತಂತಮ್ಮ ಕೆಲಸ ಮಾಡುತ್ತಿದ್ದವು. ಕೊನೆಯ ಪೆಟ್ಟು ಬಿದ್ದದ್ದು ಅವರ ಬೋಳು ನೆತ್ತಿಯ ಮೇಲೆ. ಅಲ್ಲಿ ಅಂಟಿಕೊಂಡ ಸೊಳ್ಳೆ, ಅದರ ಪಟ್ಟೆಪಟ್ಟೆಯ ಕಾಲುಗಳು, ಪಕ್ಕದಲ್ಲಿ ಕುಂಕುಮದ ಬೊಟ್ಟಿನಂತೆ ಕೆಂಪಾದ ರಕ್ತ, ಎಲ್ಲವೂ ಜಗುಲಿಯ ದೀಪದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಮಗಳು ಬೆರಳು ತೋರಿಸಿ, “ಅಜ್ಜಾ, ನಿಮ್ಮ ತಲೆಯ ಮೇಲೆ ಸೊಳ್ಳೆ ಸತ್ತಿದೆ” ಎಂದಳು. ಅವರು ಅದನ್ನು ಎರಡು ಬೆರಳಲ್ಲಿ ತೆಗೆದು, ಕನ್ನಡಕ ಏರಿಸಿ, ತಿರುಗಿಸಿ ಪರೀಕ್ಷಿಸಿ, “ಇದು ನಿಮ್ಮ ಕಾರಿನಲ್ಲಿ ಬಂದದ್ದು” ಎಂದು ತೀರ್ಪು ಕೊಟ್ಟರು.

ಮಳೆಗಾಲ ಮುಗಿದು ಬಿಸಿಲು ಇಣುಕುವ ದಸರಾದ ಹೊತ್ತಿಗೆ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಡ್ರಮ್ಮು, ಒಡೆದ ಮಡಕೆ, ಎಲ್ಲದರಲ್ಲೂ ನೀರು ನಿಂತಿರುತ್ತದೆ. ಅಷ್ಟು ನೀರಿನಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಪಟ್ಟೆಕಾಲಿನ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲೇ ಕಚ್ಚುವಂಥದ್ದು, ಆದ್ದರಿಂದ ರಾತ್ರಿಯ ಪರದೆಯೊಂದನ್ನೇ ನಂಬುವಂತಿಲ್ಲ. ಇದನ್ನು ವಿನಯದಿಂದಲೇ ತಿಳಿಸಿದಾಗ ದೊಡ್ಡಪ್ಪ, ಹಗಲು ಹೊತ್ತು ಕಚ್ಚುವುದು ಸೊಳ್ಳೆಯಾಗಲು ಸಾಧ್ಯವೇ ಇಲ್ಲವೆಂದು ಆ ಚರ್ಚೆಯನ್ನು ಮುಗಿಸಿದರು. ತೋಟ ಸುತ್ತಿ ಬಂದವರ ಪಾದದಿಂದ ಜಿಗಣೆಯೊಂದು ಹೊಟ್ಟೆ ತುಂಬಿ ಕಳಚಿ ಬಿದ್ದು, ರಕ್ತ ನಿಲ್ಲದೆ ಚಪ್ಪಲಿ ತೋಯಿಸುತ್ತಿದ್ದಾಗಲೂ ಅವರು ಮುಳ್ಳು ಗೀರಿತೆಂದೇ ಹೇಳಿದರು. ಜಿಗಣೆ ಕೀಟದ ಜಾತಿಯದೇ ಅಲ್ಲ ಎಂಬ ತಾಂತ್ರಿಕ ಕಾರಣಕ್ಕೆ ನಾನು ಅದನ್ನು ಬಿಟ್ಟುಕೊಟ್ಟೆ.

ಸೊಳ್ಳೆಯೇ ಇಲ್ಲದ ಆ ಮನೆಯಲ್ಲಿ ನಮ್ಮ ಮಂಚದ ಸುತ್ತ ಹೊಚ್ಚಹೊಸ ಪರದೆ ಕಟ್ಟಿತ್ತು. ಏಕೆಂದು ಕೇಳಿದರೆ, ಹಂಚಿನ ಮಾಡಿನಿಂದ ಧೂಳು ಉದುರುತ್ತದಂತೆ. ಮುಸ್ಸಂಜೆಗೆ ದೊಡ್ಡಮ್ಮ ಕೆಂಡದ ಮೇಲೆ ಲಕ್ಕಿ ಸೊಪ್ಪು ಹಾಕಿ ಕೋಣೆಕೋಣೆಗೂ ಹೊಗೆ ಹಿಡಿದರು. ಅದು ದನಗಳಿಗೆ ಒಳ್ಳೆಯದಂತೆ. ದನಗಳು ಇದ್ದದ್ದು ಮಾತ್ರ ಕೊಟ್ಟಿಗೆಯಲ್ಲಿ.

ಇಷ್ಟಾದರೂ ಎರಡನೆಯ ಬೆಳಿಗ್ಗೆ ಮಗಳು ಎದ್ದಾಗ ಎಡಗಣ್ಣು ಮುಚ್ಚಿಹೋಗಿತ್ತು. ಉಸಿರಾಟ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಸಿರಪ್ಪು ಕುಡಿಸಿ, ಐಸನ್ನು ಬಟ್ಟೆಯಲ್ಲಿ ಸುತ್ತಿ ಒತ್ತುತ್ತಾ ಕುಳಿತೆ. ಸುಣ್ಣ ಹಚ್ಚಿ, ಈರುಳ್ಳಿ ತಿಕ್ಕಿ, ಟೂತ್‌ಪೇಸ್ಟ್ ಬಳಿಯಿರಿ ಎಂಬ ಸಲಹೆಗಳು ಪಕ್ಕದ ತೋಟದವರಿಂದಲೂ ಬಂದವು. ಕಣ್ಣ ರೆಪ್ಪೆಗೆ ಸುಣ್ಣ ಹಚ್ಚಲು ಹೇಳಿದ ಪುಣ್ಯಾತ್ಮರಿಗೆ ದೂರದಿಂದಲೇ ಕೈಮುಗಿದಿದ್ದೇನೆ.

ಅಡುಗೆಮನೆಯಲ್ಲಿ ಐಸು ಕೊಡುವಾಗ ದೊಡ್ಡಮ್ಮ ದನಿ ತಗ್ಗಿಸಿ ಒಂದು ವಿಷಯ ಹೇಳಿದರು. ಬೆಂಗಳೂರಿನ ಮೊಮ್ಮಗನಿಗೂ ಹೀಗೆಯೇ ಊದಿಕೊಂಡಿತ್ತಂತೆ. ಅಂದಿನಿಂದ ಅಣ್ಣನ ಸಂಸಾರ ಊರಿಗೆ ಬಂದರೂ ರೆಸಾರ್ಟಿನಲ್ಲಿ ಉಳಿದುಕೊಂಡು, ಮಧ್ಯಾಹ್ನದ ಊಟಕ್ಕೆ ಮಾತ್ರ ತೋಟಕ್ಕೆ ಬಂದು, ಬೆಳಕಿರುವಾಗಲೇ ಹೊರಟುಬಿಡುತ್ತದಂತೆ. “ಪರದೆ ತರಲು ನಿಮ್ಮ ದೊಡ್ಡಪ್ಪ ತಾವೇ ಮಡಿಕೇರಿಗೆ ಹೋಗಿ ಬಂದರು, ನೀನು ಕೇಳಲು ಹೋಗಬೇಡ,” ಎಂದರು. ನಾನು ಕೇಳಲಿಲ್ಲ. ಆದರೆ ತೋಟದ ಡ್ರಮ್ಮುಗಳನ್ನು ಗಂಡನಿಂದ ಬೋರಲು ಹಾಕಿಸಿದೆ. ಡ್ರಮ್ಮು ಬೋರಲು ಬಿದ್ದದ್ದನ್ನು ದೊಡ್ಡಪ್ಪ ಕಂಡರು, ಗಾಳಿ ಜೋರಾಗಿದೆಯೆಂದರು.

ಹೊರಡುವ ದಿನ ಕಾರಿಗೆ ಚೀಲ ಏರಿಸುತ್ತಿದ್ದಾಗ ಅವರು ಮೆಲ್ಲನೆ ಪಕ್ಕಕ್ಕೆ ಕರೆದು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿ, ಸಾಲಾಗಿ ಎದ್ದಿದ್ದ ಕೆಂಪು ಗಂದೆಗಳನ್ನು ತೋರಿಸಿದರು. “ಆ ಮಗುವಿನ ಗುಲಾಬಿ ಬಣ್ಣದ ಔಷಧಿ ಸ್ವಲ್ಪ ಉಳಿದಿದ್ದರೆ ಕೊಟ್ಟು ಹೋಗು ಮಗಳೇ,” ಎಂದರು. “ಮೆಣಸಿನ ಬಳ್ಳಿ ತಾಗಿ ತುರಿಕೆ.”

ಇಡೀ ಬಾಟಲಿಯನ್ನೇ ಕೊಟ್ಟೆ. ದಿನಕ್ಕೆ ಮೂರು ಸಲ, ಮುಖ್ಯವಾಗಿ ಮೆಣಸಿನ ಬಳ್ಳಿಗಳು ಹಾರಾಡುವ ಹೊತ್ತಿನಲ್ಲಿ ಹಚ್ಚಿಕೊಳ್ಳಬೇಕೆಂದು ಹೇಳಿ ಬಂದಿದ್ದೇನೆ.