ಉಪೇಕ್ಷೆ ಎಂದರೆ ತಾತ್ಸಾರವಲ್ಲ

ದುಃಖಕ್ಕೆ ಉಪೇಕ್ಷೆಯೇ ಮದ್ದು ಎಂದು ಬೌದ್ಧ ಧ್ಯಾನದ ಬಗೆಗಿನ ಬರಹಗಳಲ್ಲಿ ಹೇಳುವುದುಂಟು. ಮಾತು ಸರಿ, ಆದರೆ ಕನ್ನಡದ ಕಿವಿಗೆ ಆ ಪದ ‘ಕಡೆಗಣಿಸು’ ಎಂದೇ ಕೇಳಿಸುತ್ತದೆ. ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ಉಪೇಕ್ಖಾ ಅದಲ್ಲ. ವಾಲದೆ ನೋಡುವ ಸಮಚಿತ್ತ. ತಾತ್ಸಾರವನ್ನು ಬೌದ್ಧ ಪಂಡಿತ ಬುದ್ಧಘೋಷರ ಸಾಧನಾ ಗ್ರಂಥ ‘ವಿಸುದ್ಧಿಮಗ್ಗ’ ಈ ಸಮಚಿತ್ತದ ಹತ್ತಿರದ ಶತ್ರು ಎನ್ನುತ್ತದೆ, ಏಕೆಂದರೆ ಮೇಲ್ನೋಟಕ್ಕೆ ಎರಡೂ ಒಂದೇ ಥರ. ರಾಗ, ದ್ವೇಷಗಳು ದೂರದ ಶತ್ರುಗಳು. ಅವನ್ನು ಗುರುತಿಸುವುದು ಸುಲಭ.

ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಹೋಲಿಕೆ ಇದೆ. ಮೈಯ ನೋವು ಮೊದಲನೆಯದು, ಅದರ ಬಗ್ಗೆ ಮನಸ್ಸಿನ ಗೋಳಾಟ ಎರಡನೆಯದು. ಧ್ಯಾನದ ಅಭ್ಯಾಸದಿಂದ ತಪ್ಪುವುದು ಎರಡನೆಯ ಬಾಣ ಮಾತ್ರ.

ಧ್ಯಾನಕ್ಕೆ ಕೂತಾಗ ಮಂಡಿ ನೋಯುತ್ತದೆ ಎನ್ನಿ. ತಕ್ಷಣ ಕಾಲು ಬದಲಿಸದೆ ನಾಲ್ಕೈದು ಉಸಿರಿನಷ್ಟು ಹೊತ್ತು ನೋಡಿ: ಎಲ್ಲಿದೆ, ಉರಿಯೋ ಸೆಳೆತವೋ, ಏರುತ್ತಿದೆಯೋ ಇಳಿಯುತ್ತಿದೆಯೋ. ಆಮೇಲೆ ‘ಇದು ಹೋಗಲಿ’ ಎಂಬ ಒತ್ತಡವನ್ನು ಬೇರೆಯಾಗಿ ಗುರುತಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಹಲ್ಲು ಕಚ್ಚಿ ಸಹಿಸುವುದನ್ನೇ ಸಮಚಿತ್ತ ಅಂದುಕೊಳ್ಳುತ್ತಾರೆ. ಅದು ಮರೆಮಾಚಿದ ದ್ವೇಷ. ನೋವು ಕರಗಲೆಂದು ಕಾದು ನೋಡುವುದು ತೃಷ್ಣೆ. ಜೋಮು ಹಿಡಿದರೆ, ಚುಚ್ಚುವ ನೋವಾದರೆ ಕಾಲು ಬದಲಿಸಿ, ಅದರಲ್ಲಿ ಸೋಲೇನಿಲ್ಲ.

ಇನ್ನೊಂದು: ಮೈತ್ರಿ ಭಾವನೆ, ಅಂದರೆ ಎಲ್ಲರ ಒಳಿತು ಬಯಸುವ ಧ್ಯಾನ, ತನ್ನಿಂದ ಶುರುವಾದರೆ, ಸಮಚಿತ್ತ ಬೆಳೆಸುವ ಉಪೇಕ್ಷಾ ಭಾವನೆ ಒಲವೂ ಮುನಿಸೂ ಇಲ್ಲದ ತಟಸ್ಥ ವ್ಯಕ್ತಿಯಿಂದ ಶುರು. ನಂತರ ಪ್ರಿಯರು, ಆಪ್ತ ಗೆಳೆಯರು, ಆಮೇಲೆ ವೈರಿ, ಕೊನೆಗೆ ತಾನು. ನೇರ ವೈರಿಯಿಂದಲೇ ಹೊರಟರೆ ಹಳೆಯ ಜಗಳವನ್ನೇ ಮೆಲುಕು ಹಾಕುತ್ತಾ ಕೂರುತ್ತೀರಿ.